ನೀಡಲ್ ಯಾರ ಕೈಯಲ್ಲಿ?

ನಮ್ಮ ಏರೋಮಾಡೆಲಿಂಗ್ ರೂಮಿನ ಕಬ್ಬಿಣದ ಬೀರುವಿನಲ್ಲಿ ಮೂರು ಗ್ಲೋ ಎಂಜಿನ್‌ಗಳಿವೆ. ಎರಡು 46 ಸೈಜಿನವು, ಅಂದರೆ 0.46 ಘನ ಇಂಚು, ನಮಗೆ ಅರ್ಥವಾಗೋ ಲೆಕ್ಕದಲ್ಲಿ ಏಳೂವರೆ ಸಿಸಿ. ಇನ್ನೊಂದು 25, ನಾಲ್ಕು ಸಿಸಿಯದು. ಈ ಸೆಮಿಸ್ಟರ್ ಶುರುವಾದಾಗಿನಿಂದ ಇವನ್ನು ಮಾರಿಬಿಡೋಣ, ಬಂದ ದುಡ್ಡಿಗೆ ಮೋಟರ್ ಮತ್ತು ಬ್ಯಾಟರಿ ತರೋಣ ಅನ್ನೋ ಮಾತು ನಡೀತಿದೆ. ಮಾರಬೇಕು ಅನ್ನೋರು ನಾಲ್ಕು ಕಾರಣ ಕೊಡ್ತಾರೆ. ಎಣ್ಣೆ ಗಲೀಜು, ವಿಪರೀತ ಸದ್ದು, ಮೆಥನಾಲ್ ತರೋದು ಇಡೋದು ತಲೆನೋವು, ಕೊನೆಯದಾಗಿ ‘ಟ್ಯೂನ್ ಮಾಡೋಕೆ ಈಗ ಯಾರಿಗೂ ಬರಲ್ಲ’. ಮೊದಲ ಮೂರನ್ನು ನಾವು ಒಪ್ಪುತ್ತೇವೆ. ಎಂಜಿನ್ ಹಾರಿ ಬಂದ ಮೇಲೆ ವಿಮಾನದ ರೆಕ್ಕೆಯಡಿ ಒರೆಸಿದ ಯಾರಿಗೂ ಗಲೀಜಿನ ಬಗ್ಗೆ ವಾದ ಇರೋಕೆ ಸಾಧ್ಯವಿಲ್ಲ. ನಮ್ಮ ತಕರಾರು ಇರೋದು ನಾಲ್ಕನೆಯ ಕಾರಣದ ಮೇಲೆ.

ಯಾಕೆ ಬರಲ್ಲ? ಬರುತ್ತಿದ್ದವರು ಪಾಸಾಗಿ ಹೋದರು, ಅದಕ್ಕೆ. ನಾಲ್ಕು ವರ್ಷಕ್ಕೊಮ್ಮೆ ಪೂರ್ತಿ ಬದಲಾಗುವ ಕ್ಲಬ್ಬಿನಲ್ಲಿ ವಿದ್ಯೆ ಒಬ್ಬ ಸೀನಿಯರ್ ಅಣ್ಣನ ಕಿವಿಯಲ್ಲಿ ಮಾತ್ರ ಉಳಿದರೆ ಆಗೋದೇ ಹೀಗೆ. ಮೈದಾನದಲ್ಲಿ ಪ್ರತಿ ಸಲವೂ ಇದೇ ಚಿತ್ರ: ಜೂನಿಯರ್ ವಿಮಾನದ ಬಾಲ ಹಿಡಿದುಕೊಂಡು ಕೂತಿರ್ತಾನೆ, ಇನ್ನೊಬ್ಬಳು ಎಣ್ಣೆ ಬಾಟಲಿ ಹಿಡಿದಿರ್ತಾಳೆ, ಫೈನಲ್ ಇಯರ್ ಅಣ್ಣ ನೀಡಲ್ ತಿರುಗಿಸ್ತಾನೆ. ‘ಅಣ್ಣ, ಎಷ್ಟು ತಿರುಗಿಸಿದ್ರಿ?’ ಅಂದ್ರೆ ‘ಸೌಂಡ್ ಕೇಳಿದ್ರೆ ಗೊತ್ತಾಗುತ್ತೆ ಬಿಡೋ’ ಅಂತ ಉತ್ತರ. ಯಾವ ಸೌಂಡ್, ಹೇಗಿರಬೇಕಿತ್ತು, ಹೇಗಿತ್ತು, ಯಾಕೆ ಹಾಗಿತ್ತು ಅಂತ ಹೇಳೋರಿಲ್ಲ. ಊರಲ್ಲಿ ನಾಟಿ ವೈದ್ಯರ ಬಗ್ಗೆ ‘ಅವರ ಕೈಗುಣ ಚೆನ್ನಾಗಿದೆ’ ಅಂತಾರಲ್ಲ, ಹಾಗೆ ನಮ್ಮಲ್ಲಿ ಟ್ಯೂನಿಂಗೂ ಕೈಗುಣ ಆಗಿಬಿಟ್ಟಿದೆ. ಇದು ಕೈಗುಣ ಅಲ್ಲ, ಎರಡು ಶನಿವಾರದಲ್ಲಿ ಕಲಿಸಬಹುದಾದ ಕೆಲಸ ಅನ್ನೋದು ನಮ್ಮ ವಾದ. ವಾದ ಮಾಡಬೇಕಾದರೆ ಕೆಲಸ ಏನು ಅಂತ ಹೇಳಲೇಬೇಕು, ಸ್ವಲ್ಪ ಸಾವಧಾನವಾಗಿ ಓದಿ.

ಈ ಪುಟ್ಟ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗ್ಲೋ ಪ್ಲಗ್ ಇದೆ, ಅದರೊಳಗೆ ಪ್ಲಾಟಿನಂ ಬೆರೆತ ತಂತಿಯ ಒಂದು ಸುರುಳಿ. ಸ್ಟಾರ್ಟ್ ಮಾಡುವಾಗ ಒಂದೂವರೆ ವೋಲ್ಟ್ ಕೊಟ್ಟು ಅದನ್ನು ಕೆಂಪಗೆ ಕಾಯಿಸ್ತೀವಿ. ಎಂಜಿನ್ ಹಿಡಿದುಕೊಂಡ ಮೇಲೆ ಬ್ಯಾಟರಿ ತೆಗೆದರೂ ಸುರುಳಿ ಆರುವುದಿಲ್ಲ. ಮೆಥನಾಲ್ ಆವಿ ಪ್ಲಾಟಿನಂ ಮೇಲೆ ನಡೆಸುವ ರಾಸಾಯನಿಕ ಕ್ರಿಯೆ, ಸಿಲಿಂಡರಿನೊಳಗಿನ ಬಿಸಿ, ಎರಡೂ ಸೇರಿ ಅದನ್ನು ಉರಿಸುತ್ತಲೇ ಇರುತ್ತವೆ. 1947ರಲ್ಲಿ ಅಮೆರಿಕದ ರೇ ಆರ್ಡನ್ ಇದನ್ನು ಮಾರುಕಟ್ಟೆಗೆ ತಂದ. ಅಲ್ಲಿವರೆಗೆ ಮಾಡೆಲ್ ವಿಮಾನಗಳು ಇಗ್ನಿಷನ್ ಕಾಯಿಲ್, ಕಂಡೆನ್ಸರ್, ಬ್ಯಾಟರಿ ಎಲ್ಲವನ್ನೂ ಹೊತ್ತುಕೊಂಡೇ ಹಾರಬೇಕಿತ್ತು. ಆ ಭಾರ ಇಳೀತು, ಆದರೆ ಟೈಮಿಂಗ್ ಕೂಡ ಕೈಬಿಟ್ಟು ಹೋಯ್ತು. ಕಿಡಿ ಯಾವಾಗ ಹಾರಬೇಕು ಅಂತ ಹೇಳುವ ಸರ್ಕ್ಯೂಟೇ ಇಲ್ಲವಲ್ಲ. ಪ್ಲಗ್ ಎಷ್ಟು ಬಿಸಿ ಇದೆ, ಮಿಶ್ರಣ ಹೇಗಿದೆ, ಕಂಪ್ರೆಷನ್ ಎಷ್ಟಿದೆ, ಇವೇ ಟೈಮಿಂಗ್ ತೀರ್ಮಾನ ಮಾಡೋದು. ಹಾಗಾಗಿ ನಾವು ನೀಡಲ್ ತಿರುಗಿಸಿದಾಗ ಎಣ್ಣೆಯ ಪ್ರಮಾಣದ ಜೊತೆಗೆ ಬೆಂಕಿ ಹತ್ತುವ ಕ್ಷಣವನ್ನೂ ಬದಲಿಸ್ತಿರ್ತೀವಿ. ಎಣ್ಣೆ ಕಡಿಮೆಯಾದರೆ ಬಿಸಿ ಏರುತ್ತೆ, ಬಿಸಿ ಏರಿದರೆ ಬೇಗ ಹತ್ತಿಕೊಳ್ಳುತ್ತೆ, ಬೇಗ ಹತ್ತಿಕೊಂಡರೆ ಇನ್ನೂ ಬಿಸಿ.

ಇನ್ನು ಆ ಎಣ್ಣೆ. ಅದರಲ್ಲಿ ಹೆಚ್ಚಿನ ಪಾಲು ಮೆಥನಾಲ್, ಐದನೇ ಒಂದು ಭಾಗದ ಆಸುಪಾಸು ಹರಳೆಣ್ಣೆ ಅಥವಾ ಸಿಂಥೆಟಿಕ್ ಎಣ್ಣೆ, ಬೇಕಿದ್ದರೆ ಸ್ವಲ್ಪ ನೈಟ್ರೋಮೀಥೇನ್. ಹೌದು, ಅಜ್ಜಿ ತಲೆಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು, ಮೆಥನಾಲಿಗೆ ಸುಮಾರು ಆರೂವರೆ ಪಟ್ಟು ಸಾಕು. ತಿರುಗಿಸಿ ಹೇಳಿದರೆ, ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಜಾಸ್ತಿ ಮೆಥನಾಲ್ ಹೋಗಬೇಕು. ಅದು ಆವಿಯಾಗುವಾಗ ಪೆಟ್ರೋಲಿಗಿಂತ ಎಷ್ಟೋ ಜಾಸ್ತಿ ಶಾಖ ಹೀರಿಕೊಂಡು ಎಂಜಿನ್ನನ್ನು ತಂಪು ಮಾಡುತ್ತೆ. ಟೂ ಸ್ಟ್ರೋಕ್ ಆದ್ದರಿಂದ ಬೇರಿಂಗಿಗೆ, ಪಿಸ್ಟನ್ನಿಗೆ ಬೇಕಾದ ಎಣ್ಣೆ ಹೋಗೋದೂ ಇದೇ ದಾರಿಯಲ್ಲಿ. ಊಟ, ನೀರು, ಔಷಧ ಮೂರೂ ಒಂದೇ ಪೈಪಿನಲ್ಲಿ ಬರುತ್ತೆ ಅಂದ ಮೇಲೆ ಆ ಪೈಪನ್ನು ಬಿಗಿ ಮಾಡಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಲೀನ್ ಆದ ಎಂಜಿನ್ ಒಂದೇ ಸಲಕ್ಕೆ ಬಿಸಿಯಾಗುತ್ತೆ, ಒಣಗುತ್ತೆ, ಮತ್ತೆ ಗಾಳಿಯಲ್ಲಿ ನಿಲ್ಲುತ್ತೆ. ರಿಚ್ ಆದದ್ದು ಹೊಗೆ ಕಾರುತ್ತೆ, ಮಂಕಾಗಿ ಓಡುತ್ತೆ, ಅಷ್ಟೇ. ಯಾವ ಕಡೆ ತಪ್ಪಿದರೂ ಪರವಾಗಿಲ್ಲ ಅನ್ನೋ ಹಾಗಿಲ್ಲ, ತಪ್ಪಿದರೆ ರಿಚ್ ಕಡೆಗೇ ತಪ್ಪಬೇಕು.

ಕೂರಿಸುವ ಕ್ರಮ ಎಲ್ಲರಿಗೂ ಒಂದೇ. ನೀಡಲ್ಲನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಎರಡೂವರೆಯಿಂದ ಮೂರು ಸುತ್ತು ಬಿಚ್ಚಿ, ಅಥವಾ ಎಂಜಿನ್ ಜೊತೆ ಬಂದ ಪುಸ್ತಕ ಹೇಳಿದಷ್ಟು. ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡಿ, ಬ್ಯಾಟರಿ ತೆಗೆಯಿರಿ, ವಿಮಾನದ ಹಿಂದೆ ಹೋಗಿ ನಿಂತು ಪೂರ್ತಿ ಥ್ರಾಟಲ್ ಕೊಡಿ. ಮುಂದಿನಿಂದ ಕೈ ಚಾಚಿ ನೀಡಲ್ ಮುಟ್ಟಲೇಬಾರದು, ಫ್ಯಾನಿನ ಸುತ್ತಿನ ನೇರಕ್ಕೆ ಯಾರೂ ನಿಲ್ಲಬಾರದು. ಕುತ್ತಿಗೆಯ ಐಡಿ ಕಾರ್ಡ್ ಟ್ಯಾಗು, ದುಪಟ್ಟಾ ಮೊದಲೇ ತೆಗೆದಿಡಬೇಕು. ಅಲ್ಲಿ ನಿಮಿಷಕ್ಕೆ ಹತ್ತು ಹನ್ನೆರಡು ಸಾವಿರ ಸುತ್ತು ತಿರುಗ್ತಿರೋದು ಕತ್ತಿ. ಆಮೇಲೆ ಒಂದೊಂದೇ ಕ್ಲಿಕ್ ಮುಚ್ಚುತ್ತಾ ಬನ್ನಿ. ಮೊದಲು ಸದ್ದು ಗೊರಗೊರ ಅಂತಿರುತ್ತೆ. ಅದು ಒಂದು ಸುತ್ತು ಬಿಟ್ಟು ಒಂದು ಸುತ್ತು ಹತ್ತಿಕೊಳ್ಳುತ್ತಿರುವ ಸದ್ದು, ಫೋರ್ ಸ್ಟ್ರೋಕ್ ಹೊಡೀತಿದೆ ಅಂತಾರೆ. ಮುಚ್ಚುತ್ತಾ ಹೋದ ಹಾಗೆ ಅದು ಒಮ್ಮೆ ಒಡೆದು ನಯವಾದ ಒಂದೇ ಸ್ವರಕ್ಕೆ ಏರುತ್ತೆ. ಇನ್ನೂ ಮುಚ್ಚಿದರೆ ಸುತ್ತು ಗರಿಷ್ಠಕ್ಕೆ ಬಂದು ನಿಲ್ಲುತ್ತೆ, ಅದರಾಚೆ ಮುಚ್ಚಿದರೆ ಸ್ವರ ಸೊರಗಿ ಕೆಳಗಿಳಿಯೋಕೆ ಶುರು. ಆ ಗರಿಷ್ಠ ಸಿಕ್ಕ ತಕ್ಷಣ ನೀಡಲ್ ಮತ್ತೆ ಬಿಚ್ಚಿ, ಟ್ಯಾಕೋಮೀಟರಿನಲ್ಲಿ 300ರಿಂದ 500 ಆರ್‌ಪಿಎಂ ಇಳಿಯುವಷ್ಟು. ಅಲ್ಲಿಗೆ ಬಿಡಿ.

ಇಳಿಸೋದು ಯಾಕೆ, ಪೂರ್ತಿ ಪವರ್ ಸಿಗ್ತಿರುವಾಗ? ವೈವಾದಲ್ಲಿ ಕೇಳಬೇಕಾದ ಪ್ರಶ್ನೆ ಇದು. ನೆಲದ ಮೇಲೆ ನಿಂತ ವಿಮಾನದ ಫ್ಯಾನು ಗಾಳಿಯನ್ನು ಕಷ್ಟಪಟ್ಟು ತಳ್ಳುತ್ತಿರುತ್ತೆ. ವಿಮಾನ ಓಡತೊಡಗಿದರೆ ಭಾರ ಕಡಿಮೆಯಾಗಿ ಸುತ್ತು ಏರುತ್ತೆ, ಮಿಶ್ರಣ ಲೀನ್ ಆಗುತ್ತೆ. ಮೂತಿ ಮೇಲೆತ್ತಿದರೆ ಹಿಂದಿರುವ ಟ್ಯಾಂಕು ಕಾರ್ಬೊರೇಟರಿಗಿಂತ ಕೆಳಗೆ ಹೋಗುತ್ತೆ, ಎಣ್ಣೆಯನ್ನು ಮೇಲಕ್ಕೆ ಎಳೆಯಬೇಕು, ಮತ್ತೆ ಲೀನ್. ಟ್ಯಾಂಕು ಖಾಲಿಯಾಗ್ತಾ ಬಂದ ಹಾಗೆ ಮಟ್ಟ ಇಳಿಯುತ್ತೆ, ಮತ್ತೂ ಲೀನ್. ಎಲ್ಲವೂ ಒಂದೇ ದಿಕ್ಕಿಗೆ ತಳ್ಳುತ್ತಿರುವಾಗ ನೆಲದ ಮೇಲೆಯೇ ಅಂಚಿಗೆ ತಂದು ನಿಲ್ಲಿಸಿದರೆ ಗಾಳಿಯಲ್ಲಿ ಅಂಚು ದಾಟೋದು ಖಚಿತ. ಹಾಗಾಗಿ ಟೇಕಾಫ್‌ಗೆ ಮೊದಲು ಒಬ್ಬರು ವಿಮಾನವನ್ನು ಗಟ್ಟಿಯಾಗಿ ಹಿಡಿದು ಪೂರ್ತಿ ಥ್ರಾಟಲ್‌ನಲ್ಲಿ ಮೂತಿಯನ್ನು ಆಕಾಶಕ್ಕೆ ಎತ್ತಬೇಕು. ಸದ್ದು ಸ್ವಲ್ಪ ಏರಿ ಹಾಗೇ ನಿಂತರೆ ಸರಿ. ಸೊರಗಿದರೆ ಇನ್ನೆರಡು ಕ್ಲಿಕ್ ಬಿಚ್ಚಿ.

ಐಡಲ್ ಸ್ಕ್ರೂ ವಿಷಯ ಚಿಕ್ಕದು: ಮೊದಲು ದೊಡ್ಡ ನೀಡಲ್ ಕೂತಿರಬೇಕು, ಆಮೇಲಷ್ಟೇ ಇದಕ್ಕೆ ಕೈ. ಅರ್ಧ ನಿಮಿಷ ಐಡಲ್‌ನಲ್ಲಿ ಬಿಟ್ಟು ಥ್ರಾಟಲ್ ಥಟ್ಟನೆ ಕೊಡಿ. ಕೆಮ್ಮಿ, ಹೊಗೆಯುಗುಳಿ, ತಡವರಿಸಿ ಏಳುತ್ತಿದ್ದರೆ ಐಡಲ್ ರಿಚ್. ಸದ್ದಿಲ್ಲದೆ ಪಟ್ ಅಂತ ಆರಿದರೆ ಲೀನ್. ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಲೇ ತಿರುಗಿಸಬೇಡಿ.

ಇಷ್ಟೇ. ಇದರಲ್ಲಿ ಕೈಗುಣ ಎಲ್ಲಿದೆ? ಕಿವಿ ಬೇಕು ನಿಜ, ಆದರೆ ಕಿವಿಗೂ ಪಾಠ ಹೇಳಬಹುದು. ಇಲ್ಲಿ ನಮ್ಮ ಕನ್ನಡ ಸಂಘಕ್ಕೂ ಒಂದು ಕೆಲಸವಿದೆ ಅಂತ ನಮಗನ್ನಿಸುತ್ತೆ. ಪುಸ್ತಕದ ‘ರಿಚ್’, ‘ಲೀನ್’ ಎರಡೇ ಪದ ಹಿಡಿದು ಹೊರಟವನಿಗೆ ಕೇಳಿಸೋದೂ ಎರಡೇ ಸದ್ದು. ಗ್ಯಾರೇಜಿಗೆ ಹೋಗಿ ಕೇಳಿ. ಆರ್‌ಎಕ್ಸ್ 100, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇನ್ನೂ ರಿಪೇರಿ ಮಾಡುವ ಮೇಸ್ತ್ರಿಗಳಿದ್ದಾರೆ. ಆ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಗಾಡಿಗಳು ಓಡ್ತಾನೇ ಇವೆ. ಅವರು ಹೇಳ್ತಾರೆ: ಮಿಸ್ ಹೊಡೀತಿದೆ, ಏರ್ ಎಳೀತಿದೆ, ಪಿಕಪ್ ಎತ್ತುತ್ತಿಲ್ಲ, ಓವರ್ ಕುಡೀತಿದೆ, ಹಿಡ್ಕೊಂಡ್ ಹಿಡ್ಕೊಂಡ್ ಬಿಡ್ತಿದೆ, ಉಸಿರು ಕಟ್ತಿದೆ. ಒಂದೊಂದೂ ಬೇರೆ ಬೇರೆ ರೋಗದ ಹೆಸರು. ‘ಏರ್ ಎಳೀತಿದೆ’ ಅಂದ ಮೇಸ್ತ್ರಿ ಸ್ಕ್ರೂ ಮುಟ್ಟೋದೇ ಇಲ್ಲ, ನೇರ ಕಾರ್ಬೊರೇಟರಿನ ಬುಡದ ಗ್ಯಾಸ್ಕೆಟ್ ನೋಡ್ತಾರೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೆಚ್ಚುಕಡಿಮೆ ಕಾಣೆಯಾಯ್ತು. ಮಿಶ್ರಣ ನೋಡಿಕೊಳ್ಳೋಕೆ ಈಗ ಸೆನ್ಸರ್ ಇದೆ, ಚಿಪ್ ಇದೆ. ಇನ್ನು ಹತ್ತು ವರ್ಷಕ್ಕೆ ಆ ಮಾತುಗಳೂ ಹೋಗ್ತವೆ. ನಿಘಂಟು ಮಾಡೋಣ ಅಂತ ನಾವು ಹೇಳ್ತಿಲ್ಲ, ಅವು ಕೆಲಸ ಮಾಡುವ ಮಾತುಗಳು, ಕೆಲಸದಲ್ಲೇ ಬಳಸೋಣ ಅಂತಷ್ಟೆ.

ಕಳೆದ ವರ್ಷ ಒಂದು ಸ್ಪರ್ಧೆಯಲ್ಲಿ ಪಕ್ಕದ ಶಾಮಿಯಾನದ ತಂಡದವರ ಪಾಡು ನೋಡಿದೆವು. ಅವರ ವಿಮಾನ ನೆಲದ ಮೇಲೆ ಚಿನ್ನದ ಹಾಗೆ ಓಡುತ್ತಿತ್ತು. ಮೇಲೇರಿದ ಮೂರ್ನಾಲ್ಕು ನಿಮಿಷಕ್ಕೆ, ಮೂತಿ ಎತ್ತಿದ ಕೂಡಲೇ, ಎಂಜಿನ್ ಬಂದ್. ಎರಡು ಸಲ ಹೇಗೋ ತೇಲಿಸಿಕೊಂಡು ಇಳಿಸಿದರು. ಪ್ರತಿ ಸಲವೂ ‘ಲೀನ್ ಆಗಿದೆ’ ಅಂತ ನೀಡಲ್ ಬಿಚ್ಚಿದರು. ಮೂರನೇ ಸಲಕ್ಕೆ ಎಂಜಿನ್ ಎಷ್ಟು ರಿಚ್ ಆಗಿತ್ತೆಂದರೆ ಹೊಗೆಯ ಮೋಡದೊಳಗೆ ಓಡಿ ಕಷ್ಟಪಟ್ಟು ನೆಲ ಬಿಟ್ಟಿತು. ಆದರೂ ಅದೇ ಜಾಗದಲ್ಲಿ ಆರಿ ಬೇಲಿಗೆ ಬಡಿಯಿತು. ರೆಕ್ಕೆ ಮುರಿದ ಮೇಲೆ ಟ್ಯಾಂಕು ಬಿಚ್ಚಿ ನೋಡಿದರೆ ಒಳಗಿನ ಕ್ಲಂಕು, ಅಂದರೆ ಎಣ್ಣೆ ಹೀರುವ ಪೈಪಿನ ತುದಿಯ ಪುಟ್ಟ ತೂಕ, ಮುಂದಕ್ಕೆ ಮಡಚಿಕೊಂಡು ಕೂತಿದೆ. ಹಿಂದೆ ಯಾವಾಗಲೋ ಮೂತಿ ಕುಕ್ಕಿ ಇಳಿದಾಗ ಹಾಗಾಗಿರಬೇಕು. ಟ್ಯಾಂಕು ತುಂಬಿರುವಾಗ ಕ್ಲಂಕು ಎಲ್ಲಿದ್ದರೂ ಎಣ್ಣೆಯಲ್ಲೇ ಇರುತ್ತೆ, ಆದ್ದರಿಂದ ನೆಲದ ಮೇಲೆ ಮೂತಿ ಎತ್ತಿ ನೋಡಿದಾಗಲೂ ತೊಂದರೆ ಕಾಣಲಿಲ್ಲ. ಅರ್ಧ ಖಾಲಿಯಾಗಿ ಮೂತಿ ಎದ್ದರೆ ಎಣ್ಣೆಯೆಲ್ಲ ಹಿಂದಕ್ಕೆ, ಕ್ಲಂಕಿನ ಬಾಯಿಗೆ ಬರೀ ಗಾಳಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಟ್ಯಾಂಕಿನ ರೋಗಕ್ಕೆ ಮೂರು ಸಲ ನೀಡಲ್ ತಿರುಗಿಸಿದ್ದರು. ಅವರ ತಂಡದಲ್ಲಿ ನೀಡಲ್ ಮುಟ್ಟುತ್ತಿದ್ದದ್ದೂ ಒಬ್ಬರೇ. ಹಿಂದೆ ನಿಂತಿದ್ದ ಸೆಕೆಂಡ್ ಇಯರ್ ಹುಡುಗಿಯೊಬ್ಬಳು ‘ಟ್ಯಾಂಕ್ ನೋಡೋಣ್ವಾ’ ಅಂದದ್ದು ನಮಗೇ ಕೇಳಿಸಿತ್ತು. ಅವರಿಗೆ ಕೇಳಿಸಲಿಲ್ಲ.

ನೀಡಲ್ ಕೊನೆಗೆ ಮುಟ್ಟಬೇಕಾದ್ದು. ನಿನ್ನೆವರೆಗೆ ಸರಿಯಾಗಿದ್ದ ಎಂಜಿನ್ ಇವತ್ತು ಕೆಟ್ಟರೆ ನೀಡಲ್ ತಾನಾಗೇ ತಿರುಗಿಕೊಂಡಿರೋ ಸಾಧ್ಯತೆ ತೀರಾ ಕಡಿಮೆ. ಮೊದಲು ಪ್ಲಗ್ ಬದಲಿಸಿ ನೋಡಿ, ಅದು ಅತಿ ಸುಲಭ. ಬ್ಯಾಟರಿ ತೆಗೆದ ಕೂಡಲೇ ಸುತ್ತು ಕುಸಿದರೆ ಅನುಮಾನ ಪ್ಲಗ್ಗಿನ ಮೇಲೆ, ಇಲ್ಲವೇ ಮಿಶ್ರಣ ತೀರಾ ರಿಚ್. ಆಮೇಲೆ ಎಣ್ಣೆ: ಮೆಥನಾಲ್ ಗಾಳಿಯಲ್ಲಿರುವ ನೀರನ್ನು ಹೀರುತ್ತೆ, ಮಳೆಗಾಲವಿಡೀ ಮುಚ್ಚಳ ಸಡಿಲವಾಗಿದ್ದ ಕ್ಯಾನಿನ ಎಣ್ಣೆಯನ್ನು ನಂಬಬೇಡಿ. ಆಮೇಲೆ ಪೈಪು. ಸಿಲಿಕಾನ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಎಣ್ಣೆ ಸೋರೋದು ಕಾಣಲ್ಲ, ಗಾಳಿ ಒಳಗೆ ಹೋಗುತ್ತೆ. ಕಾರ್ಬೊರೇಟರಿಗೆ ಹೋಗೋ ಪೈಪಿನಲ್ಲಿ ಗುಳ್ಳೆ ಕಂಡರೆ ಅದೇ ಸಾಕ್ಷಿ. ಪೈಪಿನ ಒಂದು ತುದಿ ಮುಚ್ಚಿ ನೀರಲ್ಲಿ ಅದ್ದಿ ಊದಿ, ಸೈಕಲ್ ಟ್ಯೂಬಿನ ಪಂಕ್ಚರ್ ನೋಡಿದಂತೆ. ಟ್ಯಾಂಕನ್ನೂ ಹಾಗೇ ನೋಡಬಹುದು. ಟ್ಯಾಂಕಿನ ಸುತ್ತ ಸ್ಪಂಜು ಇಲ್ಲದಿದ್ದರೆ ನಡುಕಕ್ಕೆ ಎಣ್ಣೆ ನೊರೆಯಾಗುತ್ತೆ, ನೊರೆ ಅಂದರೂ ಗಾಳಿಯೇ. ಸೈಲೆನ್ಸರಿನಿಂದ ಟ್ಯಾಂಕಿಗೆ ಒತ್ತಡ ಕೊಡುವ ಪೈಪು ಕಳಚಿದೆಯಾ? ಫಿಲ್ಟರಿನಲ್ಲಿ ಕಸ ಇದೆಯಾ? ಕಾರ್ಬೊರೇಟರಿನ ಬುಡ, ಹಿಂದಿನ ಮುಚ್ಚಳದ ಸ್ಕ್ರೂಗಳು ಬಿಗಿಯಾಗಿವೆಯಾ? ಇಷ್ಟೂ ನೋಡಿ ಏನೂ ಸಿಗದಿದ್ದರೆ ಆಗ ನೀಡಲ್. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್ಗೂ ಬದಲಿಸಿ, ಎಣ್ಣೆಯೂ ಬದಲಿಸಿ, ನೀಡಲ್ಲೂ ತಿರುಗಿಸಿ ಎಂಜಿನ್ ಸರಿಯಾದರೆ ಅದು ಸರಿಯಾಯ್ತು ಅಷ್ಟೇ, ಯಾರೂ ಏನೂ ಕಲಿಯಲಿಲ್ಲ.

ನೀಡಲ್ ಎಷ್ಟು ಸುತ್ತು ಅಂತ ಗೋಡೆ ಮೇಲೆ ಬರೆದಿಟ್ಟರೆ ಸಾಲದಾ ಅಂತ ಕೆಲವರು ಕೇಳಿದ್ದಾರೆ. ಸಾಲದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ 10ರಷ್ಟು ಕಡಿಮೆ. ಇಲ್ಲಿ ಕೂರಿಸಿದ ಎಂಜಿನ್ನನ್ನು ಬಸ್ಸಿನಲ್ಲಿ ಘಾಟಿ ಇಳಿಸಿಕೊಂಡು ಹೋದರೆ ಅಲ್ಲಿ ಗಾಳಿ ದಟ್ಟ, ಎಂಜಿನ್ ಲೀನ್. ಸರಳ ಕಾರ್ಬೊರೇಟರಿನಲ್ಲಿ ಗಾಳಿಯ ತೂಕ ಸಾಂದ್ರತೆಗೆ ತಕ್ಕಂತೆ ಏರುತ್ತೆ, ಎಣ್ಣೆ ಮಾತ್ರ ಅದರ ವರ್ಗಮೂಲಕ್ಕೆ ತಕ್ಕಂತೆ ಏರುತ್ತೆ, ಹಾಗಾಗಿ ಎಣ್ಣೆ ಹಿಂದೆ ಬೀಳುತ್ತೆ. ಬರ್ನೂಲಿ ಸಮೀಕರಣ ಬರೆದು ಅಂಕ ತಗೊಂಡವರೆಲ್ಲ ಇದನ್ನು ಒಂದು ಹಾಳೆಯಲ್ಲಿ ತೆಗೆಯಬಹುದು. ಮಂಗಳೂರಿನ ಸೆಕೆಯೂ ತೇವವೂ ಸಾಂದ್ರತೆಯನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತವೆ, ಪೂರ್ತಿ ಅಲ್ಲ. ಊರು ಬಿಡಿ, ಒಂದೇ ಮೈದಾನದಲ್ಲಿ ಡಿಸೆಂಬರಿನ ಮುಂಜಾವಿಗೂ ಮಧ್ಯಾಹ್ನಕ್ಕೂ 13 ಡಿಗ್ರಿ ವ್ಯತ್ಯಾಸವಿದ್ದರೆ ಗಾಳಿಯ ಸಾಂದ್ರತೆ ಶೇಕಡಾ ನಾಲ್ಕಕ್ಕಿಂತ ಹೆಚ್ಚು ಬದಲಾಗುತ್ತೆ. ಮಧ್ಯಾಹ್ನ ಅಂಚಿಗೆ ಕೂರಿಸಿದ ನೀಡಲ್ ಮರುದಿನ ಬೆಳಗಿನ ಚಳಿಯಲ್ಲಿ ಲೀನ್. ದೊಡ್ಡ ವಿಮಾನದಲ್ಲೂ ಇದೇ ಕಥೆ. ಸೆಸ್ನಾ 172ರಂಥ ತರಬೇತಿ ವಿಮಾನದ ಕಾಕ್‌ಪಿಟ್‌ನಲ್ಲಿ ಕೆಂಪು ಗುಬುಟಿನ ಮಿಕ್ಸ್ಚರ್ ಹಿಡಿಕೆ ಇರೋದು ಇದಕ್ಕೇ, ಮೇಲೇರಿದ ಹಾಗೆ ಪೈಲಟ್ ಅದನ್ನು ಎಳೆದು ಎಣ್ಣೆ ಕಡಿಮೆ ಮಾಡ್ತಾರೆ. ಐ.ಸಿ. ಎಂಜಿನ್ ಪೇಪರಿನಲ್ಲಿ ಮಿಶ್ರಣದ ಆ ಗ್ರಾಫ್ ಬರೆಯದವರು ನಮ್ಮಲ್ಲಿ ಯಾರಿದ್ದಾರೆ? ಐಡಲ್‌ನಲ್ಲಿ ರಿಚ್, ನಡುವೆ ಲೀನ್, ಫುಲ್ ಪವರ್‌ಗೆ ಮತ್ತೆ ರಿಚ್. ಬರೆದದ್ದು ಕೈಗೆ ಸಿಗುವ ಏಕೈಕ ಜಾಗ ಆ ಕಬ್ಬಿಣದ ಬೀರು.

ಈಗ ಮೆಥನಾಲ್. ಮಾರಬೇಕು ಅನ್ನುವವರ ಬಲವಾದ ವಾದ ಇದು, ಇದಕ್ಕೆ ನಾವು ತಲೆಬಾಗ್ತೀವಿ. ಅದು ವಿಷ. ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತೆ, ಜೀವವೂ ಹೋಗುತ್ತೆ. ಚರ್ಮದಿಂದಲೂ ಒಳಗಿಳಿಯುತ್ತೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತದ್ದು ಇದೇ ಮೆಥನಾಲಿನಿಂದ. ಇದರ ಬೆಂಕಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣೋದೇ ಇಲ್ಲ, ವಿಮಾನ ಉರೀತಿದೆ ಅಂತ ಗೊತ್ತಾಗೋದು ಹೊದಿಕೆ ಮುದುಡಿದಾಗ. ಇಂಥದ್ದನ್ನು ಹಾಸ್ಟೆಲ್ ರೂಮಿನ ಮಂಚದಡಿ ನೀರಿನ ಬಾಟಲಿಯಲ್ಲಿ ಇಡುವ ಅಭ್ಯಾಸ ಕೆಲವು ಕಾಲೇಜುಗಳಲ್ಲಿ ಇದೆ ಅಂತ ಕೇಳಿದಾಗ ಬೆನ್ನುಹುರಿ ನಡುಗುತ್ತೆ. ಗ್ಲೋ ಎಂಜಿನ್ ಉಳಿಯಬೇಕಾದರೆ ಎಣ್ಣೆ ಕೆಮಿಸ್ಟ್ರಿ ಲ್ಯಾಬಿನ ಸ್ಟೋರಿನಲ್ಲಿ, ಬೀಗದೊಳಗೆ, ಹೆಸರು ಬರೆದ ಲೋಹದ ಕ್ಯಾನಿನಲ್ಲೇ ಇರಬೇಕು. ಮೈದಾನಕ್ಕೆ ಆ ದಿನಕ್ಕೆ ಬೇಕಾದಷ್ಟೇ ತರಬೇಕು. ಟ್ಯಾಂಕು ತುಂಬಿಸೋಕೆ ಕೈಪಂಪು, ಬಾಯಲ್ಲಿ ಎಳೆಯೋದು ಯಾವ ಕಾರಣಕ್ಕೂ ಇಲ್ಲ. ಕೈಗೆ ಗ್ಲೌಸು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರು. ಸ್ಟೋರ್ ನೋಡಿಕೊಳ್ಳುವ ಮೇಷ್ಟ್ರು ಇದಕ್ಕೆ ಒಪ್ಪದಿದ್ದರೆ ಎಂಜಿನ್ ಮಾರೋದೇ ಸರಿ, ಈ ವಿಷಯದಲ್ಲಿ ನಾವು ಹಟ ಹಿಡಿಯಲ್ಲ.

ನೈಟ್ರೋ ಸಿಗಲ್ಲ, ದುಬಾರಿ ಅನ್ನೋದು ಮಾತ್ರ ನೆಪ. ಅಂತರರಾಷ್ಟ್ರೀಯ ಸ್ಪರ್ಧೆಗಳ ಕೆಲವು ವಿಭಾಗಗಳಲ್ಲಿ ನೈಟ್ರೋ ಇಲ್ಲದ ಎಣ್ಣೆಯನ್ನೇ ಕಡ್ಡಾಯ ಮಾಡಿದ್ದಾರೆ, 80 ಭಾಗ ಮೆಥನಾಲ್, 20 ಭಾಗ ಎಣ್ಣೆ. ನೈಟ್ರೋ ಇದ್ದರೆ ಐಡಲ್ ಸಲೀಸು, ಪವರ್ ಸ್ವಲ್ಪ ಜಾಸ್ತಿ. ಕಲಿಯೋಕೆ ಅದು ಬೇಕಿಲ್ಲ.

ಎಲೆಕ್ಟ್ರಿಕ್ ವಿರೋಧಿಗಳು ಅಂತ ನಮ್ಮನ್ನು ಕರೆಯಬೇಡಿ. ಹೊಸಬರು ಹಾರಿಸೋದು ಕಲಿಯಬೇಕಾದರೆ ಎಲೆಕ್ಟ್ರಿಕ್ಕೇ ಸರಿ: ಸ್ವಿಚ್ ಹಾಕಿ ಹಾರಿಸಬಹುದು, ಗಾಳಿಯಲ್ಲಿ ಎಂಜಿನ್ ಆರೋ ಭಯ ಕಡಿಮೆ, ಹಾಸ್ಟೆಲಿನವರು ಕಿಟಕಿಯಿಂದ ಬೈಯಲ್ಲ. ಲಿಥಿಯಂ ಪಾಲಿಮರ್ ಬ್ಯಾಟರಿಗೂ ಬೆಂಕಿ ಹತ್ತುತ್ತೆ ಅನ್ನೋದು ಬೇರೆ ಮಾತು. ಸ್ಪರ್ಧೆಗೂ ಅದೇ ಹೋಗಲಿ. ಆದರೆ ಮೋಟರ್ ನಿಂತರೆ ನಾವು ಮಾಡೋದು ಏನು? ಇಎಸ್‌ಸಿ ಬದಲಿಸ್ತೀವಿ, ಅದೂ ಆಗದಿದ್ದರೆ ಮೋಟರ್ ಬದಲಿಸ್ತೀವಿ. ಒಳಗೇನಾಯ್ತು ಅಂತ ಕಣ್ಣಿಗೂ ಕಾಣಲ್ಲ, ಕಿವಿಗೂ ಕೇಳಲ್ಲ. ಗ್ಲೋ ಎಂಜಿನ್ ತನ್ನ ಪ್ರತಿ ತೊಂದರೆಯನ್ನೂ ಸದ್ದಿನಲ್ಲಿ, ಹೊಗೆಯಲ್ಲಿ, ವಾಸನೆಯಲ್ಲಿ, ಗುಳ್ಳೆಯಲ್ಲಿ ಹೇಳಿಕೊಳ್ಳುತ್ತೆ. ಲಕ್ಷಣ ನೋಡಿ ಕಾರಣ ಹುಡುಕೋದು, ಅನುಮಾನಗಳನ್ನು ಒಂದೊಂದಾಗಿ ಕಳೆಯೋದು ಇಲ್ಲಿ ಹತ್ತು ನಿಮಿಷದಲ್ಲಿ ಆಗುತ್ತೆ, ಅದೂ ಬಿಸಿಲಲ್ಲಿ, ನಾಲ್ಕು ಜನರ ಮುಂದೆ. ಪ್ಲೇಸ್‌ಮೆಂಟ್‌ನಲ್ಲಿ ‘ಪ್ರಾಬ್ಲಂ ಸಾಲ್ವಿಂಗ್’ ಅಂತ ರೆಸ್ಯೂಮೆಯಲ್ಲಿ ಎಲ್ಲರೂ ಬರೀತೀವಲ್ಲ, ಅದಕ್ಕೆ ಆಧಾರ ಕೇಳಿದರೆ ಇದಕ್ಕಿಂತ ಅಗ್ಗವಾದ ಲ್ಯಾಬ್ ನಮ್ಮಲ್ಲಿ ಬೇರೆ ಇಲ್ಲ.

ಸೀನಿಯರುಗಳ ಮೇಲೆ ನಮಗೆ ಸಿಟ್ಟಿಲ್ಲ. ಎಂಜಿನ್ ಸೀಜ್ ಆದರೆ ಮತ್ತೆ ಕೊಡಿಸೋರು ಯಾರು ಅನ್ನೋ ಭಯಕ್ಕೇ ಅವರು ನೀಡಲ್ ಬಿಟ್ಟುಕೊಡಲ್ಲ. ಭಯ ನ್ಯಾಯವಾದದ್ದು. ಆದರೆ ಕಲಿಯುವವರು ರಿಚ್ ಕಡೆಯಿಂದ ಬರ್ತಾರೆ, ಒಂದೊಂದೇ ಕ್ಲಿಕ್ ಮುಚ್ಚುತ್ತಾರೆ, ಪಕ್ಕದಲ್ಲಿ ಅಣ್ಣನೋ ಅಕ್ಕನೋ ಇರ್ತಾರೆ ಅಂದರೆ ಎಂಜಿನ್ನಿಗೆ ಏನೂ ಆಗಲ್ಲ. ಹೊಗೆ ಜಾಸ್ತಿ, ಎಣ್ಣೆ ಸ್ವಲ್ಪ ದಂಡ. ಎಂಜಿನ್ ಹಾಳಾಗೋದು ಅವಸರಕ್ಕೆ. ಸ್ಪರ್ಧೆಯ ಬೆಳಿಗ್ಗೆ ‘ಇನ್ನೂ ಸ್ವಲ್ಪ ಪವರ್ ಬೇಕು’ ಅಂತ ಕೊನೆಯ ಕ್ಲಿಕ್ ಮುಚ್ಚೋದು ಸಾಮಾನ್ಯವಾಗಿ ಜೂನಿಯರ್ ಅಲ್ಲ.

ಹಾಗಾಗಿ ನಾವು ಕೇಳೋದು ಇಷ್ಟು. ಮಾರುವ ತೀರ್ಮಾನವನ್ನು ಒಂದು ಸೆಮಿಸ್ಟರ್ ಮುಂದಕ್ಕೆ ಹಾಕಿ. 25ರ ಎಂಜಿನ್ನನ್ನು ವಿಮಾನಕ್ಕೆ ಹಾಕೋದೇ ಬೇಡ, ವರ್ಕ್‌ಶಾಪಿನ ಹಿಂದಿನ ಖಾಲಿ ಜಾಗದಲ್ಲಿ ಒಂದು ಗಟ್ಟಿ ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಿ. ಟ್ಯಾಂಕಿನ ಎತ್ತರ ಬದಲಿಸುವ ಹಾಗೆ ಒಂದು ಹಲಗೆ ಇರಲಿ, ಮೂತಿ ಎತ್ತಿದರೆ ಏನಾಗುತ್ತೆ ಅನ್ನೋದನ್ನು ಟ್ಯಾಂಕು ಇಳಿಸಿಯೇ ತೋರಿಸಬಹುದು. ತೂತಿರುವ ಪೈಪು, ಸತ್ತ ಪ್ಲಗ್, ಕಸ ಕಟ್ಟಿದ ಫಿಲ್ಟರ್ ಬಿಸಾಡಬೇಡಿ, ಒಂದು ಡಬ್ಬಿಯಲ್ಲಿ ಎತ್ತಿಡಿ. ಅವೇ ಪ್ರಶ್ನೆಪತ್ರಿಕೆ. ಸೀನಿಯರ್ ಬಂದು ಗುಟ್ಟಾಗಿ ಒಂದನ್ನು ಹಾಕಬೇಕು, ಥರ್ಡ್ ಸೆಮ್‌ನವರು ಸದ್ದು ಕೇಳಿ ಹುಡುಕಬೇಕು, ನೀಡಲ್ ಮುಟ್ಟದೆ. ಹುಡುಕಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೀಬೇಕು: ತಾರೀಕು, ಹೊತ್ತು, ಬಿಸಿಲೋ ಮೋಡವೋ, ಯಾವ ಎಣ್ಣೆ, ಯಾವ ಪ್ಲಗ್, ನೀಡಲ್ ಎಷ್ಟು ಸುತ್ತು, ಸದ್ದು ಹೇಗಿತ್ತು. ‘ಸದ್ದು ಹೇಗಿತ್ತು’ ಅನ್ನೋ ಕಾಲಂನಲ್ಲಿ ರಿಚ್, ಲೀನ್ ಅಂತ ಬರೆಯೋ ಹಾಗಿಲ್ಲ, ಕೇಳಿದ ಹಾಗೇ ಬರೀಬೇಕು. ಗೊರಗೊರ, ಕೆಮ್ಮು, ಕಿರುಚು, ಸೊರಗು, ಯಾವುದಾದರೂ.

ಫೈನಲ್ ಇಯರಿನ ಇಬ್ಬರು ಶನಿವಾರ ಬೆಳಿಗ್ಗೆ ಬರೋಕೆ ಒಪ್ಪಿದ್ದಾರೆ. ಬೆಂಚಿಗೆ ಮರ ಮೆಕ್ಯಾನಿಕಲ್ ವರ್ಕ್‌ಶಾಪಿನಲ್ಲಿ ಸಿಗುತ್ತೆ. ಓಡಿಸಿ ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ, ಉಳಿದ ಎಣ್ಣೆ ಉರಿದು ಆರುವವರೆಗೆ ಓಡಿಸಿ, ಬೇರಿಂಗ್ ತುಕ್ಕು ಹಿಡಿಯದ ಹಾಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸಿಡುವ ಕೆಲಸಕ್ಕೆ ಮಾತ್ರ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.